ನಾನೇ ಬರೆದ ಏಳು ಸಲಹೆಗಳು

ಒಂಬತ್ತನೆಯ ದಿನ ಬೆಳಿಗ್ಗೆಯೂ ಬೋರ್ಡು ಖಾಲಿಯೇ ಇತ್ತು. ಕಂಪ್ಯೂಟರಿನ ಪರದೆಯ ಮೇಲೆ ಮೂರು ಅಂಕಣಗಳು: ಹೊಸ ಸಲಹೆ, ಪರಿಶೀಲನೆಯಲ್ಲಿ, ಮಾಡಿ ಮುಗಿಸಿದ್ದು. ಮರಾಠಿಯಲ್ಲಿ ಹೆಸರು ಕೊಟ್ಟವಳು ನಾನೇ. ಮೂರರ ಕೆಳಗೂ ಬರೀ ಬಿಳಿ. ಹಿಂದಿನಿಂದ ಮಾಲಕರ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಗಡಿಬಿಡಿಯಿಂದ ಬೇರೆ ಕಿಟಕಿ ತೆರೆದು ಡ್ರಾಯಿಂಗ್ ನೋಡುವವಳಂತೆ ಕೂತುಬಿಡುತ್ತಿದ್ದೆ.

ಮಹಾರಾಷ್ಟ್ರದ ಸಾಂಗಲಿ ಬಳಿಯ ಕುಪವಾಡದ ಕೈಗಾರಿಕಾ ವಸಾಹತಿನಲ್ಲಿ ನಮ್ಮದು ಆಸ್ಪತ್ರೆಯ ಕಾಟು, ಸ್ಟ್ರೆಚರು, ಸಲಾಯಿನ್ ಸ್ಟ್ಯಾಂಡು ಮಾಡುವ ಸಣ್ಣ ಕಾರ್ಖಾನೆ. ಮಾಲಕರು, ಫೋರ್‌ಮನ್ ಕಾಕಾ, ಇಪ್ಪತ್ತೆರಡು ಮಂದಿ ಕೆಲಸಗಾರರು, ಮತ್ತು ಡ್ರಾಯಿಂಗ್ ತೆಗೆಯುವ ನಾನು. ಮಿರಜಿನ ಆಸ್ಪತ್ರೆಗಳಲ್ಲಿ ನಮ್ಮ ಕಾಟು ಇಲ್ಲದ ವಾರ್ಡು ಸಿಗುವುದೇ ಕಷ್ಟ ಎಂದು ಮಾಲಕರು ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆಮೇಲೆ ಹೊರದೇಶದ ಕಾಟುಗಳು ಕಂಟೇನರಿನಲ್ಲಿ ಬಂದಿಳಿಯತೊಡಗಿದವು. ಹೊಳೆಯುವ ಪ್ಲಾಸ್ಟಿಕ್ಕಿನ ತಲೆಹಲಗೆ, ಗುಂಡಿ ಒತ್ತಿದರೆ ಏಳುವ ಬೆನ್ನು. ನಮ್ಮ ಕಾಟಿಗೆ ಕಾಲ ಬುಡದಲ್ಲಿ ಕೂತು ಹ್ಯಾಂಡಲ್ ತಿರುವಬೇಕು. ಪುಣೆಯ ವಿತರಕ ಮೊದಲು ಫೋನಿನಲ್ಲಿ ಸಬೂಬು ಹೇಳುತ್ತಿದ್ದ, ಕೊನೆಗೆ ಎತ್ತುವುದನ್ನೇ ಬಿಟ್ಟ. ಬಣ್ಣದ ಭಟ್ಟಿಯನ್ನು ವಾರಕ್ಕೆ ಒಂದೇ ದಿನ ಹೊತ್ತಿಸುವ ಹಾಗಾಯಿತು.

ಅದೇ ಹೊತ್ತಿಗೆ ಮಿರಜಿನ ಒಂದು ಆಸ್ಪತ್ರೆ ಹೊಸ ಕಟ್ಟಡ ಎಬ್ಬಿಸುತ್ತಿತ್ತು. ಅಲ್ಲಿಯ ಖರೀದಿ ಅಧಿಕಾರಿ ಮಾಲಕರಿಗೆ ಒಂದು ಅವಕಾಶ ಕೊಟ್ಟರು. ನಮ್ಮ ಡಾಕ್ಟರು, ನರ್ಸು, ರೋಗಿಗಳ ಮನೆಯವರು ಏನು ಕೇಳುತ್ತಾರೋ ಅದನ್ನು ಮಾಡಿ ತೋರಿಸಿ, ಎರಡು ಕಾಟು ವಾರ್ಡಿನಲ್ಲಿಟ್ಟು ನೋಡುತ್ತೇವೆ, ಸರಿ ಬಂದರೆ ಇಡೀ ಕಟ್ಟಡ ನಿಮ್ಮದು ಎಂದರು. ಮೂರು ತಿಂಗಳ ಗಡುವು.

ಜನರ ಸಲಹೆಗಳನ್ನು ಆನ್‌ಲೈನಿನಲ್ಲಿ ಕೂಡಿಸುವ ಈ ಜಾಲತಾಣದ ಬಗ್ಗೆ ಮಾಲಕರಿಗೆ ಯಾವುದೋ ವಸ್ತುಪ್ರದರ್ಶನದಲ್ಲಿ ತಿಳಿದಿತ್ತು. ಯಾರು ಬೇಕಾದರೂ ಫೋನಿನಿಂದ ಸಲಹೆ ಬರೆಯಬಹುದು. ಉಳಿದವರು ಅದಕ್ಕೆ ಮತ ಹಾಕುತ್ತಾರೆ, ಕೆಳಗೆ ಚರ್ಚೆ ಮಾಡುತ್ತಾರೆ. ಹೆಚ್ಚು ಮತ ಬಿದ್ದದ್ದು ಮೇಲೇರುತ್ತದೆ.

“ನಾವು ಕುಂತಲ್ಲೆ ಕುಂತು ಯೋಚನಿ ಮಾಡೂದು ಸಾಕ್ರಿ ಮ್ಯಾಡಮ್,” ಎಂದರು ಮಾಲಕರು. “ಮಂದೀನ ಹೇಳಲಿ ಏನ ಬೇಕಂತ. ಇದು ನಿಮ್ಮ ಜವಾಬ್ದಾರಿ.”

ಅವರ ಮನೆಮಾತೂ ನನ್ನ ಹಾಗೆ ಕನ್ನಡ. ನಾನು ಮಿರಜ್ ತಾಲೂಕಿನ ಆರಗದವಳು. ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿ ಆಮೇಲೆ ಸಾಂಗಲಿಯಲ್ಲಿ ಡಿಪ್ಲೊಮಾ ಮಾಡಿದವಳು. ಕಾರ್ಖಾನೆಯಲ್ಲಿ ಕನ್ನಡ ಆಡುವವರು ನಾಲ್ಕಾರು ಮಂದಿ ಇದ್ದರೂ ಓದಿ ಬರೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಈ ಮಾತು ಮುಂದೆ ನನ್ನನ್ನು ಬಹಳ ಸುಟ್ಟಿತು, ಅದಕ್ಕೇ ಹೇಳುತ್ತಿದ್ದೇನೆ.

ಬೋರ್ಡು ಸಿದ್ಧಮಾಡಲು ನಾಲ್ಕು ದಿನ ಹಿಡಿದಿತ್ತು. ಕಾಟು, ಸ್ಟ್ರೆಚರು, ಚಕ್ರ, ಇತರೆ ಎಂದು ವಿಭಾಗ ಮಾಡಿದೆ. ಫೋನಿನಿಂದ ಸ್ಕ್ಯಾನ್ ಮಾಡುವ ಚೌಕದ ಗುರುತನ್ನು ಹಾಳೆಯ ಮೇಲೆ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಆಸ್ಪತ್ರೆಯ ಆರು ವಾರ್ಡುಗಳಲ್ಲಿ ಅಂಟಿಸಿ ಬಂದೆ. ಒಂಬತ್ತನೆಯ ದಿನ ಮಧ್ಯಾಹ್ನ ತಡೆಯಲಾರದೆ ಬಸ್ಸು ಹಿಡಿದು ಮಿರಜಿಗೆ ಹೋಗಿ ನೋಡಿದರೆ, ಎರಡು ಹಾಳೆಗಳ ಮೇಲೆ ಭೇಟಿಯ ಸಮಯದ ಹೊಸ ನೋಟೀಸು ಅಂಟಿಸಿದ್ದರು. ಒಂದರ ಮುಂದೆ ಆಮ್ಲಜನಕದ ಸಿಲಿಂಡರು ನಿಂತಿತ್ತು. ಉಳಿದ ಮೂರು ಹಾಗೇ ಇದ್ದವು, ಯಾರೂ ಅವುಗಳ ಕಡೆ ನೋಡುತ್ತಿರಲಿಲ್ಲ. ಒಬ್ಬ ನರ್ಸಿಗೆ ತೋರಿಸಿ ಹೇಳಿದೆ. ಆಕೆ ಕೈಯಲ್ಲಿದ್ದ ಔಷಧದ ತಟ್ಟೆಯನ್ನು ಸ್ವಲ್ಪ ಎತ್ತಿ ತೋರಿಸಿ, ಮಾತಿಲ್ಲದೆ ಮುಂದೆ ಹೋದಳು.

ಹನ್ನೆರಡನೆಯ ದಿನ ಮಾಲಕರು ನನ್ನ ಮೇಜಿನ ಬಳಿ ಬಂದು ನಿಂತರು.

“ಎಷ್ಟ ಬಂದಾವ?”

“ಬರಾಕತ್ತಾವ್ರಿ ಸಾಹೇಬ್ರ.”

“ಸೋಮವಾರ ಖರೀದಿ ಅಧಿಕಾರಿ ನೋಡ್ತೇನಿ ಅಂದಾರ.”

ಅವತ್ತು ಶುಕ್ರವಾರ. ಸಂಜೆಯೊಳಗೆ ನಾನು ಐದು ಬೇರೆಬೇರೆ ಇಮೇಲ್ ಮಾಡಿಕೊಂಡೆ. ಒಂದು ನರ್ಸಿನ ಹೆಸರಿನಂತೆ, ಒಂದು ರೋಗಿಯ ಮಗನಂತೆ, ಒಂದು ಡಾಕ್ಟರಂತೆ. ಏಳು ಸಲಹೆ ಬರೆದೆ. ಕಾಟಿನ ಬಣ್ಣ ತಿಳಿನೀಲಿ ಇರಲಿ. ಚಪ್ಪಲಿ ಇಡಲು ಕೆಳಗೆ ಜಾಳಿಗೆ ಬೇಕು. ರೋಗಿ ಉರುಳಿ ಬೀಳದಂತೆ ತಡೆಯುವ ಪಕ್ಕದ ಕಂಬಿ ನೋಡಲು ಅಂದವಾಗಿರಲಿ. ನಾಲ್ಕನೆಯದು ಎಲ್ಲಕ್ಕಿಂತ ಸುಲಭವಾಗಿ ಹೊಳೆಯಿತು: ಕಾಟಿನ ಪಕ್ಕದ ಕಂಬಿಗೇ ಮೊಬೈಲ್ ಚಾರ್ಜ್ ಮಾಡುವ ಜಾಗ, ಅದರ ಜೊತೆ ಫೋನ್ ಇಡುವ ತಟ್ಟೆ. ಆಗ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದಿತ್ತು. ವಾರ್ಡಿನಲ್ಲಿ ಒಂದು ಪ್ಲಗ್ಗಿಗೆ ನಾಲ್ಕು ಮಂದಿ ಕಾದು ನಿಲ್ಲುವುದನ್ನು ನಾನೇ ನೋಡಿದ್ದೆ. ಒಂದೊಂದಕ್ಕೂ ಬೇರೆಬೇರೆ ಹೆಸರಿನಿಂದ ಮತ ಹಾಕಿದೆ. ಬೋರ್ಡು ತುಂಬಿದಂತೆ ಕಂಡಿತು. ನಾಲ್ಕು ದಿನದ ಮಟ್ಟಿಗೆ, ನಿಜವಾದವರು ಬರುವ ತನಕ, ಎಂದು ನನಗೆ ನಾನೇ ಹೇಳಿಕೊಂಡೆ.

ನಿಜವಾದವರು ಬಂದರು. ಖರೀದಿ ಅಧಿಕಾರಿ ಬೋರ್ಡು ನೋಡಿ ಮೆಚ್ಚಿ, ಅದರ ಕೊಂಡಿಯನ್ನು ಆಸ್ಪತ್ರೆಯ ಸಿಬ್ಬಂದಿಯ ಗುಂಪಿಗೆ ಕಳಿಸಿದರು. ಎರಡು ವಾರದಲ್ಲಿ ಚಾರ್ಜಿಂಗ್ ಕಂಬಿಗೆ ಅರವತ್ತಕ್ಕೂ ಹೆಚ್ಚು ಮತ. ಎದುರಿಗೆ ಬರೆದಿಟ್ಟದ್ದಕ್ಕೆ ಮತ ಹಾಕುವುದು ಸುಲಭ, ಹೊಸದಾಗಿ ಬರೆಯುವುದು ಕಷ್ಟ ಎಂಬುದು ಆಗ ನನಗೆ ತಿಳಿಯಿತು. ಹೊಸದಾಗಿ ಬಂದ ಬರಹಗಳಲ್ಲಿ ಕಾಟಿನ ವಿಚಾರ ಕಡಿಮೆ. ಫ್ಯಾನು ತಿರುಗುವುದಿಲ್ಲ. ಕ್ಯಾಂಟೀನಿನ ಚಹಾ ನೀರು. ಲಿಫ್ಟು ಯಾವಾಗ ರಿಪೇರಿ. ದಿನಕ್ಕೆ ಎರಡು ತಾಸು ಕೂತು ಇವನ್ನೆಲ್ಲ ಬೇರೆ ಮಾಡುತ್ತಿದ್ದೆ. ಒಂದೇ ವಿಷಯದ ಎರಡು ಬರಹಗಳನ್ನು ಒಂದರೊಳಗೊಂದು ವಿಲೀನ ಮಾಡುವ ಗುಂಡಿ ಇತ್ತು. ವಿಲೀನವಾದದ್ದು ದೊಡ್ಡ ಸಲಹೆಯ ಕೆಳಗೆ ಸಣ್ಣ ಟಿಪ್ಪಣಿಯಾಗಿ ಸೇರಿಹೋಗುತ್ತದೆ. ಬಿಡಿಸಿ ನೋಡಿದವರಿಗೆ ಮಾತ್ರ ಕಾಣುತ್ತದೆ.

ಅಂಥ ಒಂದು ಮಧ್ಯಾಹ್ನ, ಒಬ್ಬ ನರ್ಸಿನ ಖಾತೆಯಿಂದ ಒಂದು ಬರಹ ಬಂತು. ಕನ್ನಡ ಅಕ್ಷರಗಳಲ್ಲಿ ಬರೆದದ್ದು. “ಬಾಜೂಕಿನ ಕಂಬಿ ಕೈ ಮ್ಯಾಲ ಬೀಳತೈತಿ. ಪಿನ್ ಎಳದ ಕೂಡ್ಲೆ ಧಪ್ಪ್ ಅಂತೈತಿ. ವಾರ್ಡಿನ ಮಾವಶಿ ಹೇಳಿ ಬರಿಸ್ಯಾಳ.” ವಾರ್ಡಿನಲ್ಲಿ ರೋಗಿಗಳನ್ನು ಎತ್ತುವ, ಮೈ ಒರೆಸುವ, ಬೆಡ್‌ಪ್ಯಾನ್ ಕೊಡುವ ಆಯಾಗಳನ್ನು ಮಿರಜಿನಲ್ಲಿ ಎಲ್ಲರೂ ಮಾವಶಿ ಎಂದೇ ಕರೆಯುತ್ತಾರೆ.

ಓದಿದೆ. ಅರ್ಥವೂ ಆಯಿತು. ಆದರೆ ಅದಕ್ಕೆ ಇದ್ದದ್ದು ಒಂದೇ ಮತ. ಅವತ್ತು ಇನ್ನೂ ಮೂವತ್ತು ಬರಹ ಬಾಕಿ ಇದ್ದವು. ‘ಪಕ್ಕದ ಕಂಬಿ ಅಂದವಾಗಿರಲಿ’ ಎಂಬ ನನ್ನದೇ ಸುಳ್ಳು ಸಲಹೆಯೊಳಗೆ ಅದನ್ನು ವಿಲೀನ ಮಾಡಿದೆ. ಎರಡರಲ್ಲೂ ಕಂಬಿ ಎಂಬ ಮಾತಿತ್ತು. ಅರ್ಧ ನಿಮಿಷದ ಕೆಲಸ.

ಚಾರ್ಜಿಂಗ್ ಕಂಬಿಯ ಡ್ರಾಯಿಂಗ್ ತೆಗೆದೆ. ಹಳೆಯ ಕಂಬಿ ಎಂದರೆ ಪೈಪು ಬಗ್ಗಿಸಿ ಮಾಡಿದ ಚೌಕಟ್ಟು, ಒಳಗೆ ನಾಲ್ಕು ಅಡ್ಡಪಟ್ಟಿ. ಒಂದು ಕೊನೆಯಲ್ಲಿ ಸ್ಪ್ರಿಂಗ್ ಪಿನ್. ಪಿನ್ ಎಳೆದರೆ ಕಂಬಿ ತನ್ನ ಭಾರಕ್ಕೆ ತಾನೇ ಕೆಳಗೆ ಮಡಚಿಕೊಳ್ಳುತ್ತದೆ. ಹೊಸದರಲ್ಲಿ ಮೇಲಿನ ಪೈಪಿಗೆ ತಗಡಿನ ತಟ್ಟೆ, ಅದರ ಅಡಿಯಲ್ಲಿ ಪ್ಲಗ್ಗಿನ ಡಬ್ಬಿ, ಒಳಗಿನಿಂದ ವಯರು. ಗಡುವು ಹತ್ತಿರವಿತ್ತು. ಪಿನ್ನು, ಸ್ಪ್ರಿಂಗು ಎರಡನ್ನೂ ಹಳೆಯದನ್ನೇ ಇಟ್ಟೆ.

ಫೋರ್‌ಮನ್ ಕಾಕಾ ಮೊದಲ ಕಂಬಿಯ ವೆಲ್ಡಿಂಗ್ ಮುಗಿಸಿ, ಕೈಯಲ್ಲಿ ಎರಡು ಸಲ ತೂಗಿ ನೋಡಿದರು. ಸಲಗರೆ ಎಂಬ ಊರಿನ ಕುರಿಗಾರರ ಮನೆಯವರು ಅವರು. ಓದಿದ್ದು ಮರಾಠಿಯಲ್ಲಿ ಏಳನೆಯ ತನಕ. ಯಾವ ಪೈಪು ಎಷ್ಟು ಭಾರ ಎಂದು ಎತ್ತಿ ಹೇಳಬಲ್ಲವರು.

“ತಂಗಿ, ಇದು ಭಾರ ಆತು. ಮ್ಯಾಲಿನ ಕಡೇನ ಭಾರ ಆತು. ಬೀಳೂವಾಗ ಜೋರ ಬೀಳತೈತಿ.”

“ಅರವತ್ತು ಮಂದಿ ಬೇಕು ಅಂದಾರ ಕಾಕಾ.”

“ಮಂದಿ ಚಾರ್ಜಿಂಗ್ ಬೇಕು ಅಂದಾರ. ಕಂಬಿಗೇ ಹಚ್ಚು ಅಂತ ಯಾರ ಹೇಳ್ಯಾರ?”

ಕಂಬಿಗೇ ಎಂದು ಬರೆದವಳು ನಾನೇ.

ಎರಡು ಕಾಟುಗಳು ವಾರ್ಡಿಗೆ ಹೋದವು. ಮೊದಲ ಮೂರು ದಿನ ಮಾಲಕರ ಮುಖ ಅರಳಿತ್ತು. ರೋಗಿಗಳ ಮನೆಯವರು ತಟ್ಟೆಯ ಮೇಲೆ ಫೋನಿಟ್ಟ ಫೋಟೋಗಳನ್ನು ಬೋರ್ಡಿಗೆ ಹಾಕಿದರು. ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಖರೀದಿ ಅಧಿಕಾರಿಯ ಫೋನು ಬಂತು. ಎಕ್ಸ್‌ರೇಗೆ ರೋಗಿಯನ್ನು ಸಾಗಿಸುವಾಗ ಕಂಬಿ ಬಿದ್ದು ಒಬ್ಬ ಮಾವಶಿಯ ಬೆರಳು ಜಜ್ಜಿದೆ ಎಂದರು.

ಮಾಲಕರು, ನಾನು ಇಬ್ಬರೂ ಹೋದೆವು. ಮಾಲಕರು ಆಫೀಸಿನ ಕಡೆ ನಡೆದರು, ನಾನು ವಾರ್ಡಿಗೆ. ನೆಲ ಒರೆಸಿಯಾಗಿತ್ತು. ನಮ್ಮ ಕಾಟು ಗೋಡೆಗೆ ಸರಿಸಿ ನಿಲ್ಲಿಸಿತ್ತು. ಮಾವಶಿ ಡ್ರೆಸಿಂಗ್ ಕೋಣೆಯ ಬೆಂಚಿನ ಮೇಲೆ ಕೂತಿದ್ದಳು, ಐವತ್ತು ದಾಟಿದ ಹೆಂಗಸು. ಬಲಗೈಯ ನಡುವಿನ ಎರಡು ಬೆರಳಿಗೆ ದಪ್ಪ ಬ್ಯಾಂಡೇಜು. ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಸ್ವಲ್ಪ ಸಡಿಲಾದಳು.

“ಭಾಳ ನೋಯ್ತೈತೇನ್ರಿ ಮಾವಶಿ?”

“ಈಗ ಸೂಜಿ ಕೊಟ್ಟಾರ, ತಿಳಿಯಂಗಿಲ್ಲ. ಹಾಡ ಒಡದೈತಿ ಅಂದ್ರು.” ಹಾಡ ಎಂದರೆ ಮರಾಠಿಯಲ್ಲಿ ಎಲುಬು. “ಒಂದ ಬೆರಳಿಂದು ತುದಿ ಉಳಿಯೂದು ಕಷ್ಟ ಅಂತ.”

“ಹೆಂಗಾತ್ರಿ?”

“ಅಜ್ಜಾ ಕೆಳಗ ಜಾರಾಕತ್ತಿದ್ದ. ಒಂದ ಕೈಲೆ ಅವನ್ನ ಹಿಡದೇನಿ, ಒಂದ ಕೈಲೆ ಪಿನ್ ಎಳದೇನಿ. ಕಂಬಿ ಹಿಡಿಯಾಕ ಮೂರನೇ ಕೈ ಎಲ್ಲಿಂದ ತರ್ಲಿ? ಅಜ್ಜನ್ನ ಬಿಟ್ಟಿದ್ರ ನನ್ನ ಬೆರಳ ಉಳೀತಿದ್ವು. ಅಂವಾ ಬೀಳತಿದ್ದ.” ಸ್ವಲ್ಪ ತಡೆದು, “ನಾ ಬರಸಿದ್ನಲ್ಲ, ಆ ಫೋನಿನ್ಯಾಗ. ಸಿಸ್ಟರ್ ಕಡಿಂದ ಬರಸಿದ್ದೆ. ಯಾರೂ ಓದಿಲ್ಲ ಕಾಣತೈತಿ,” ಎಂದಳು.

ನೀರು ತರುತ್ತೇನೆ ಎಂದು ಹೊರಗೆ ಬಂದೆ. ಮೊಗಸಾಲೆಯ ನಲ್ಲಿಯ ಹತ್ತಿರ ಎಷ್ಟು ಹೊತ್ತು ನಿಂತೆನೋ ತಿಳಿಯದು. ನೀರು ತಂದುಕೊಟ್ಟೆ, ಆಕೆ ಎಡಗೈಯಲ್ಲಿ ಲೋಟ ಹಿಡಿದು ಕುಡಿದಳು. ಓದಿದವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಾಲಕರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಅವರಿಗೂ ನಿದ್ದೆಯಾಗಿರಲಿಲ್ಲ.

“ಆಸ್ಪತ್ರೆಯವರು ವರದಿ ಕೇಳ್ಯಾರ. ಎರಡ ಕೈಲೆ ಮಾಡೂ ಕೆಲಸ ಒಂದ ಕೈಲೆ ಮಾಡ್ಯಾಳ ಆಕಿ. ವಾಪರ ತಪ್ಪ ಅಂತ ಬರೀರಿ. ಬಳಕಿದಾರರ ತಪ್ಪ.”

“ಸಾಹೇಬ್ರ...”

“ಇಪ್ಪತ್ತೆರಡು ಮನಿ ಅದಾವ ಮ್ಯಾಡಮ್ ಇದರ ಮ್ಯಾಲ. ಬೋರ್ಡ್ ಮ್ಯಾಲ ಈ ಬಗ್ಗೆ ಮೊದಲ ಯಾರರ ಏನರ ಬರದಾರೇನ ನೋಡ್ರಿ. ಇಲ್ಲಂದ್ರ ಇಲ್ಲ ಅಂತ ವರದಿಯೊಳಗ ಹಾಕ್ರಿ. ಬುಧವಾರ ಮೀಟಿಂಗ್ ಐತಿ.”

ನಾನು ನನ್ನ ಮೇಜಿಗೆ ಬಂದು ಬೋರ್ಡು ತೆರೆದೆ. ‘ಕಂಬಿ ಅಂದವಾಗಿರಲಿ’ ಎಂಬುದರ ಕೆಳಗೆ, ವಿಲೀನವಾದ ಟಿಪ್ಪಣಿಗಳಲ್ಲಿ, ಆ ಮೂರು ಸಾಲುಗಳು ಹಾಗೇ ಇದ್ದವು. ಪಕ್ಕದಲ್ಲಿ ಅಳಿಸುವ ಗುರುತು. ಒತ್ತಿದರೆ ‘ಇದನ್ನು ಮತ್ತೆ ತರಲಾಗದು, ಖಚಿತವೇ?’ ಎಂದು ಒಂದು ಸಲ ಕೇಳುತ್ತದೆ, ಅಷ್ಟೇ. ಒತ್ತಿದೆ. ಅದು ಕೇಳಿತು. ಕೆಳಗೆ ಹೌದು, ಬೇಡ ಎಂಬ ಎರಡು ಗುಂಡಿ. ಯಾವುದನ್ನೂ ಒತ್ತದೆ ಬೋರ್ಡು ಮುಚ್ಚಿಬಿಟ್ಟೆ.

ಆ ಎರಡು ದಿನದ ಯಾತನೆಯನ್ನು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಆರ್ಡರು ಹೋದರೆ ಕಾರ್ಖಾನೆ ಮುಚ್ಚುತ್ತದೆ ಎಂಬುದು ಸುಳ್ಳಾಗಿರಲಿಲ್ಲ. ಬಣ್ಣದ ವಿಭಾಗದ ಇಬ್ಬರು ಆಗಲೇ ಬೇರೆ ಕಡೆ ಕೆಲಸ ಕೇಳುತ್ತಿದ್ದರು. ಊಟದ ಹೊತ್ತಿನಲ್ಲಿ ಎಲ್ಲರೂ ಮೀಟಿಂಗಿನ ಬಗ್ಗೆ ನನ್ನನ್ನೇ ಕೇಳುತ್ತಿದ್ದರು. ನನ್ನ ಡಬ್ಬಿಯ ಭಾಕರಿ ಹಾಗೇ ಮನೆಗೆ ವಾಪಸು ಹೋಗುತ್ತಿತ್ತು. ಬಸ್ಸಿನಲ್ಲಿ ಕೂತಾಗಲೆಲ್ಲ ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತಿದ್ದೆ. ಮಂಗಳವಾರ ಆರಗದ ಸ್ಟಾಪು ದಾಟಿ ಮುಂದೆ ಹೋಗಿಬಿಟ್ಟಿದ್ದೆ, ಕಂಡಕ್ಟರು ಕೇಳಿದ ಮೇಲೆ ಇಳಿದು ಹಿಂದಕ್ಕೆ ನಡೆದೆ.

ನಡೆಯುವಾಗ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಆಸ್ಪತ್ರೆಯಲ್ಲಿ ನಮ್ಮ ಹಳೆಯ ಕಾಟುಗಳು ಇನ್ನೂ ಮೂವತ್ತೆಂಟು ಇದ್ದವು. ಅದೇ ಪಿನ್ನು, ಅದೇ ಸ್ಪ್ರಿಂಗು. ಅವುಗಳ ಕಂಬಿ ಸ್ವಲ್ಪ ಹಗುರ, ಅಷ್ಟೇ. ಬಳಕೆಯ ತಪ್ಪು ಎಂದು ಬರೆದುಬಿಟ್ಟರೆ ಅವನ್ನು ಯಾರೂ ಮುಟ್ಟುವುದಿಲ್ಲ. ಬೇರೆ ಮಾವಶಿಯರು ನಾಳೆಯೂ ಆ ಪಿನ್ ಎಳೆಯುತ್ತಾರೆ. ಮನೆ ಮುಟ್ಟುವುದರೊಳಗೆ ನಿರ್ಧಾರವಾಗಿತ್ತು. ಧೈರ್ಯವೇನೂ ಬಂದಿರಲಿಲ್ಲ, ಬೇರೆ ದಾರಿ ಕಾಣಲಿಲ್ಲ.

ಬುಧವಾರ ಮೀಟಿಂಗಿನಲ್ಲಿ ಖರೀದಿ ಅಧಿಕಾರಿ, ಮೇಟ್ರನ್, ಮಾಲಕರು ಮತ್ತು ನಾನು. ಮಾಲಕರು ವರದಿ ಕೇಳಿ ಕೈಚಾಚಿದರು. ನಾನು ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ತಿರುಗಿಸಿದೆ. ಮೊದಲು ಆ ಮೂರು ಸಾಲುಗಳನ್ನು ಓದಿ ಮರಾಠಿಯಲ್ಲಿ ಅರ್ಥ ಹೇಳಿದೆ. ಬಂದ ದಿನ ತೋರಿಸಿದೆ. ವಿಲೀನ ಮಾಡಿದವಳು ನಾನು ಎಂದೆ. ಆಮೇಲೆ ಏಳು ಸಲಹೆಗಳನ್ನು ಒಂದೊಂದಾಗಿ ತೆರೆದು, ಇವನ್ನು ಬರೆದವರು ಯಾರೂ ಇಲ್ಲ, ನಾನೇ ಎಂದೆ. ನಾಲ್ಕನೆಯದು ಚಾರ್ಜಿಂಗ್ ಕಂಬಿ. ಅದನ್ನೂ ಹೇಳಿದೆ. ಭಾರ ಹೆಚ್ಚಾಗಿದೆ ಎಂದು ನಮ್ಮ ಫೋರ್‌ಮನ್ ಎಚ್ಚರಿಸಿದ್ದರು, ನಾನು ಕೇಳಲಿಲ್ಲ ಎಂದೂ ಹೇಳಿದೆ.

ಮೇಟ್ರನ್ ಕನ್ನಡಕ ತೆಗೆದು ಪರದೆಯ ಹತ್ತಿರ ಬಾಗಿ ಆ ಮೂರು ಸಾಲುಗಳನ್ನು ಮತ್ತೊಮ್ಮೆ ನೋಡಿದರು.

“ಹಾಗಾದರೆ ಅರವತ್ತು ಮತ ಬಿದ್ದದ್ದು ನಿಮಗೆ,” ಎಂದರು ಖರೀದಿ ಅಧಿಕಾರಿ ಮರಾಠಿಯಲ್ಲಿ.

“ಹೌದು.”

ಅವರು ಫೈಲು ಮುಚ್ಚಿದರು. ಹೊಸ ಕಟ್ಟಡದ ಕಾಟುಗಳ ಮಾತು ಅಲ್ಲಿಗೆ ಮುಗಿಯಿತು. ಮಾವಶಿಯ ಚಿಕಿತ್ಸೆ, ರಜೆಯ ಸಂಬಳ ಎಲ್ಲ ಕಾರ್ಖಾನೆಯದ್ದು, ಮೂವತ್ತೆಂಟು ಹಳೆಯ ಕಾಟುಗಳ ಕಂಬಿಯನ್ನು ಬದಲಿಸಿಕೊಡಬೇಕು, ಅಲ್ಲಿಯ ತನಕ ಅವನ್ನು ಕಟ್ಟಿಡುತ್ತೇವೆ ಎಂದರು. ಮಾಲಕರು ಎಲ್ಲದಕ್ಕೂ ತಲೆಯಾಡಿಸಿದರು.

ಹೊರಗೆ ಬಂದು ಗಾಡಿಯ ಬಾಗಿಲಿಗೆ ಕೈ ಹಾಕಿ ಮಾಲಕರು ನಿಂತರು. ಅವರು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

“ನನಗ ಮೊದಲ ಹೇಳಬೇಕಿತ್ತು ನೀವು. ಹನ್ನೆರಡನೇ ದಿನಾನ, ಬೋರ್ಡ್ ಖಾಲಿ ಐತಿ ಅಂತ. ನಾ ಏನ ನಿಮ್ಮನ್ನ ತಿಂತಿದ್ನೇನು?”

“ತಪ್ಪಾತ್ರಿ.”

“ಕಂಬಿ ಕೆಲಸ ಮುಗಿಸ್ರಿ. ಆಮ್ಯಾಲ ಬ್ಯಾರೆ ಕಡೆ ನೋಡಿಕೋರಿ.”

ಫೋರ್‌ಮನ್ ಕಾಕಾ ಮತ್ತು ನಾನು ಆ ಕೆಲಸಕ್ಕೆ ಕೂತೆವು. ಹಳೆಯ ಕಾಟೊಂದನ್ನು ಕಾರ್ಖಾನೆಗೆ ತಂದೆವು. ಕಾಕಾ ಸಂತೆಯಿಂದ ಒಂದು ಚೀಲ ಗಜ್ಜರಿ, ಎಂದರೆ ಕ್ಯಾರೆಟ್ಟು, ತಂದರು. ಕಂಬಿಯ ಸಂದಿನಲ್ಲಿ ಬೆರಳಿನ ಬದಲು ಗಜ್ಜರಿ ಇಟ್ಟು ಪಿನ್ ಎಳೆಯುವುದು. ಮೊದಲ ಸಲ ಅದು ಟಪ್ಪೆಂದು ಎರಡು ತುಂಡಾಯಿತು. ನಾನು ಮುಖ ತಿರುಗಿಸಿದೆ.

“ನೋಡಬೇಕ ತಂಗಿ,” ಎಂದರು ಕಾಕಾ. “ನೋಡದಿದ್ರ ಹೆಂಗ ಮಾಡ್ತಿ?”

ಗಟ್ಟಿ ಸ್ಪ್ರಿಂಗ್ ಹಾಕಿದೆವು. ಪಿನ್ ಎಳೆಯಲು ಎರಡೂ ಕೈ ಬೇಕಾಯಿತು. ಕೆಳಗೆ ರಬ್ಬರ್ ಕೊಟ್ಟೆವು. ಗಜ್ಜರಿ ತುಂಡಾಗಲಿಲ್ಲ, ಆದರೂ ಜಜ್ಜಿತು. ಎರಡೂ ಕಡೆ ಪಿನ್ ಇಟ್ಟು, ಎರಡನ್ನೂ ಒಟ್ಟಿಗೆ ಎಳೆದರೆ ಮಾತ್ರ ಬಿಡುವಂತೆ ಮಾಡಿದೆವು. ಅದು ನನಗೆ ಬಹಳ ಸುರಕ್ಷಿತವೆನಿಸಿತು. ಎರಡೂ ಕೈ ಪಿನ್ನಿನ ಮೇಲಿದ್ದರೆ ಸಂದಿನಲ್ಲಿ ಬೆರಳು ಇರುವುದೇ ಇಲ್ಲವಲ್ಲ. ಮಾದರಿ ತೆಗೆದುಕೊಂಡು ಮಾವಶಿಯ ಬಳಿಗೆ ಹೋದೆ. ಆಕೆ ಮಿರಜಿನ ಹಳೆಯ ಓಣಿಯಲ್ಲಿ ಮಗಳ ಮನೆಯಲ್ಲಿದ್ದಳು. ಒಂದು ಬೆರಳಿನ ತುದಿಯನ್ನು ತೆಗೆದಿದ್ದರು.

ಮೊದಲು ಹೇಳಬೇಕಾದದ್ದನ್ನು ಮೊದಲು ಹೇಳಿದೆ. ನೀವು ಬರೆಸಿದ್ದನ್ನು ನಾನು ಓದಿದ್ದೆ, ತಿಳಿದೂ ಬದಿಗೆ ಸರಿಸಿದೆ ಎಂದೆ. ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು.

“ಅವತ್ತ ನೀರ ತಂದಕೊಟ್ಟಾಕಿ ನೀನ ಅಲ್ಲ?”

“ಹೌದ್ರಿ.”

“ಆವಾಗ ಹೇಳಲಿಲ್ಲ.”

“ಇಲ್ರಿ.”

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗಳು ಒಳಗಿನಿಂದ ಬಂದು ನನ್ನನ್ನು ಹೊರಗೆ ಹಾಕುವವಳಂತೆ ನಿಂತಳು. ಮಾವಶಿ ಎಡಗೈ ಎತ್ತಿ ತಡೆದು, “ಏನ ತಂದಿ, ತೋರಸು,” ಎಂದಳು.

ಎರಡು ಪಿನ್ನಿನ ಮಾದರಿ ತೋರಿಸಿದೆ. ಆಕೆ ಅದನ್ನು ಮುಟ್ಟಲೂ ಇಲ್ಲ.

“ಎರಡೂ ಕೈ ಇದಕ್ಕ ಕೊಟ್ರ ರೋಗಿ ಯಾರ ಕೈಯಾಗ? ನಮಗ ಇರೂದು ಒಂದ ಕೈ ಯವ್ವಾ. ಇನ್ನೊಂದು ಯಾವಾಗಲೂ ರೋಗಿ ಮ್ಯಾಲ ಇರತೈತಿ. ಒಂದ ಕೈಲೆ ಆಗೂದು ಮಾಡು.”

ಇದನ್ನು ಆಕೆ ಡ್ರೆಸಿಂಗ್ ಕೋಣೆಯಲ್ಲೂ ಹೇಳಿದ್ದಳು. ನಾನು ಅದನ್ನು ಬರೀ ದುಃಖವೆಂದು ಕೇಳಿಸಿಕೊಂಡಿದ್ದೆ, ಅಳತೆಯೆಂದು ಬರೆದುಕೊಂಡಿರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಎಷ್ಟು ಸಲ ಪಿನ್ ಎಳೆಯುತ್ತೀರಿ, ಯಾವ ಕಡೆ ನಿಲ್ಲುತ್ತೀರಿ, ಮೊಣಕಾಲು ಎಲ್ಲಿ ತಾಗುತ್ತದೆ. ಆಕೆ ಎದ್ದು ಗೋಡೆಯ ಪಕ್ಕ ನಿಂತು ಮಾಡಿ ತೋರಿಸಿದಳು. ಎರಡು ತಾಸಾಯಿತು.

ಕಾಕಾ ಕೊನೆಗೆ ಪಿನ್ನನ್ನೇ ಕಿತ್ತು ಹಾಕಿದರು. ಅದರ ಜಾಗದಲ್ಲಿ ತೂತನ್ನು ಉದ್ದ ಮಾಡಿ, ತುದಿಯಲ್ಲಿ ಕಂಬಿ ಕೂರುವಂತೆ ಒಂದು ಕಚ್ಚು ಕೊಟ್ಟರು. ಕಂಬಿಯನ್ನು ಮೇಲಿನ ಪೈಪು ಹಿಡಿದು ತುಸು ಎತ್ತಿದರೆ ಮಾತ್ರ ಅದು ಕಚ್ಚಿನಿಂದ ಹೊರಗೆ ಬರುತ್ತದೆ. ಎತ್ತಿದ ಕೈಯಲ್ಲೇ ಅದರ ಭಾರ ಇರುತ್ತದೆ, ಆ ಕೈಯಿಂದಲೇ ಕೆಳಗಿಳಿಸಬೇಕು. ಕೆಳಗೆ ಮಡಚಿದಾಗಲೂ ಪೈಪಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿನಷ್ಟು ಸಂದು ಉಳಿಯುವಂತೆ ಒಂದು ತಡೆ ಬೆಸೆದರು. ಗಜ್ಜರಿ ಇಟ್ಟೆವು. ಹತ್ತು ಸಲ, ಇಪ್ಪತ್ತು ಸಲ. ಸಿಪ್ಪೆಯೂ ಸುಲಿಯಲಿಲ್ಲ. ಆಮೇಲೆ ನನ್ನ ಕೈ ಇಟ್ಟೆ. ಕಾಕಾ ಬೇಡ ಎಂದರು. ನಾನು ತೆಗೆಯಲಿಲ್ಲ. ಅವರು ಕಂಬಿಯನ್ನು ಎತ್ತಿ ಕೈಬಿಟ್ಟರು. ಅದು ತಡೆಯ ಮೇಲೆ ಕೂತಿತು. ನನ್ನ ಬೆರಳಿಗೆ ಏನೂ ಆಗಲಿಲ್ಲ.

ಕಂಬಿಗಳು ತಯಾರಾಗುವ ದಿನಗಳಲ್ಲಿ ನಾನು ಬೋರ್ಡನ್ನು ಸ್ವಚ್ಛ ಮಾಡಿದೆ. ಒಮ್ಮೆ ವಿಲೀನ ಮಾಡಿದ್ದನ್ನು ಬೇರೆ ಮಾಡುವ ವ್ಯವಸ್ಥೆ ಆ ತಾಣದಲ್ಲಿರಲಿಲ್ಲ. ಮಾವಶಿಯ ಮಾತನ್ನು ಹೊಸದಾಗಿ ಬರೆದು, ಮೊದಲು ಬಂದ ದಿನವನ್ನು ಅದರಲ್ಲೇ ಸೇರಿಸಿದೆ. ಏಳು ಸಲಹೆಗಳ ಕೆಳಗೂ, ‘ಇದನ್ನು ಬರೆದವಳು ಕಾರ್ಖಾನೆಯ ನಾನೇ, ಬಳಸುವವರಲ್ಲ, ಹಿಂತೆಗೆದುಕೊಂಡಿದ್ದೇನೆ’ ಎಂದು ಬರೆದೆ. ಮತ ಹಾಕಿದ ಎಲ್ಲರಿಗೂ ಆ ಸಂದೇಶ ತಾನಾಗಿ ಹೋಯಿತು. ಬೈಗುಳ ಬಂದವು. ಒಬ್ಬ ಡಾಕ್ಟರು, ನಿಮ್ಮ ಕಾರ್ಖಾನೆಯ ಯಾವ ಮಾತನ್ನು ಇನ್ನು ನಂಬುವುದು ಎಂದು ಬರೆದರು. ಅದನ್ನು ಹಾಗೇ ಉಳಿಸಿದೆ, ಅಳಿಸಲಿಲ್ಲ.

ಮೂವತ್ತೆಂಟು ಕಾಟುಗಳಿಗೆ ಹದಿನಾರು ದಿನ ಹಿಡಿಯಿತು. ರೋಗಿಯನ್ನು ಸರಿಸಿ, ಕಾಟು ಖಾಲಿಯಾದಾಗ ಮಾತ್ರ ಕೆಲಸ. ಅಷ್ಟರಲ್ಲಿ ಕಾರ್ಖಾನೆಯಿಂದ ಆರು ಮಂದಿ ಹೋಗಿದ್ದರು. ಅವರಲ್ಲಿ ಒಬ್ಬ ನನ್ನೆದುರು ಹಾದುಹೋಗುವಾಗ ಮುಖ ನೋಡಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಕೊನೆಯ ದಿನ ಮಾವಶಿ ಕೆಲಸಕ್ಕೆ ಮರಳಿದ್ದಳು. ಮೂವತ್ತೆಂಟನೆಯ ಕಾಟಿನ ಕಂಬಿಯನ್ನು ಆಕೆಯೇ ಎಡಗೈಯಲ್ಲಿ ಎತ್ತಿ ಇಳಿಸಿದಳು. ಆಮೇಲೆ ಬಲಗೈಯಲ್ಲಿ, ಗಿಡ್ಡ ಬೆರಳನ್ನು ದೂರ ಹಿಡಿದು, ನಿಧಾನವಾಗಿ. ಮೂರು ಸಲ ಮಾಡಿದಳು. ಚೆನ್ನಾಗಿದೆ ಎನ್ನಲಿಲ್ಲ.

“ಇನ್ನೊಂದ ಐತಿ,” ಎಂದಳು. “ತಲಿ ಕಡೆ ಗಾಲಿ ಬ್ರೇಕು. ಕಾಲಿಲೆ ಒತ್ತೂವಾಗ ಸೀರಿ ಸಿಕ್ಕೋತೈತಿ. ಹೋದ ವರ್ಷ ಒಬ್ಬಾಕಿ ಬಿದ್ದಾಳ. ಬರಕೋ.”

ನನ್ನದು ಅಂದೇ ಕೊನೆಯ ದಿನ ಎಂದು ಹೇಳಲಿಲ್ಲ. ಕಾಟಿನ ಪಕ್ಕ ನೆಲದ ಮೇಲೆ ಕೂತು ಬರೆದುಕೊಂಡೆ. ಎಲ್ಲಿ ಸಿಕ್ಕುತ್ತದೆ, ಯಾವ ಕಾಲಿನಿಂದ ಒತ್ತುತ್ತೀರಿ, ಸೀರೆಯ ಅಂಚು ಎಷ್ಟು ಎತ್ತರಕ್ಕೆ ಬರುತ್ತದೆ, ಎಲ್ಲವನ್ನೂ ಕೇಳಿದೆ. ಪಟ್ಟಿ ಹಿಡಿದು ಅಳೆದುಕೊಂಡೆ.

ಮಧ್ಯಾಹ್ನ ಕುಪವಾಡಕ್ಕೆ ಬಂದು ಮೇಜಿನ ಖಾನೆಯ ಕೀಲಿಯನ್ನು ಮಾಲಕರಿಗೆ ಒಪ್ಪಿಸಿದೆ. ಅವರು ತಲೆಯೆತ್ತದೆ ತೆಗೆದುಕೊಂಡರು. ಬ್ರೇಕಿನ ಅಳತೆ ಬರೆದುಕೊಂಡ ಹಾಳೆಯನ್ನು ಹರಿದು ಒಯ್ದು ಫೋರ್‌ಮನ್ ಕಾಕಾನ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿ ವಾಪಸು ಚಾಚಿದರು.

“ಕನ್ನಡದಾಗ ಬರದಿ. ನನಗ ಬರಂಗಿಲ್ಲ. ಓದಿ ಹೇಳು.”

ಡ್ರಿಲ್ ಯಂತ್ರದ ಪಕ್ಕ ನಿಂತು ಗಟ್ಟಿಯಾಗಿ ಓದಿದೆ. ಯಾರದೋ ಗ್ರೈಂಡರು ನಿಂತಿತು. ನಾನು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕಾಕಾ ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು, ನೆಲದ ಮೇಲೆ ಮೊಣಕಾಲೂರಿ, ಗಾಲಿಯ ಚಿತ್ರ ಬರೆಯತೊಡಗಿದ್ದರು.

“ಸೀರಿ ಅಂಚು ಎಷ್ಟ ಅಂದಿ?” ಎಂದು ತಲೆಯೆತ್ತದೆ ಕೇಳಿದರು. “ಮತ್ತೊಮ್ಮೆ ಓದು.”